ಮೊದಲ ಗುಂಡು ಸಲೀಸು, ಎರಡನೆಯದಕ್ಕೆ ತಕರಾರು: ಒಂದು ರೆಮಿಂಗ್ಟನ್ 1100 ಕೋವಿಯ ಪ್ರಕರಣ ಅಧ್ಯಯನ

ಕೋವಿ ರೆಮಿಂಗ್ಟನ್ 1100, ಹೊಡೆದ ತೋಟಾದ ಗ್ಯಾಸಿನಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ಚರೆ ಕೋವಿ. 12 ಬೋರ್, 2¾ ಇಂಚಿನ ಚೇಂಬರ್ (ತೋಟಾ ಕೂರುವ ಗೂಡು), 28 ಇಂಚಿನ ನಳಿಗೆ, ಬದಲಿಸಲಾಗದ ಮಾಡಿಫೈಡ್ ಚೋಕ್ (ನಳಿಗೆಯ ಬಾಯಿಯ ಮಧ್ಯಮ ಬಿಗಿತ). ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಇರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಗಲ್ಫ್ ಕರಾವಳಿಗೆ ಹತ್ತಿರದ ಒಂದು ಮನೆಯಲ್ಲಿ. ವರ್ಷದ ಹೆಚ್ಚಿನ ಕಾಲ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಕ್ಲೇ ರೇಂಜಿನಲ್ಲಿ ಬಳಕೆ, ಚಳಿಗಾಲದಲ್ಲಿ ಜೌಗು ಪ್ರದೇಶದ ಬಾತುಕೋಳಿ ಬೇಟೆಗೆ ಕೆಲವು ಸಲ. ದೂರು ಒಂದೇ ಮಾತಿನದು: ‘ಜಾಮ್ ಆಗುತ್ತೆ’. ಮೊದಲ ಗುಂಡು ಸಲೀಸಾಗಿ ಹಾರುತ್ತದೆ, ಎರಡನೆಯದು ಕೆಲವೊಮ್ಮೆ ಚೇಂಬರಿಗೆ ಬರುವುದೇ ಇಲ್ಲ.

ರಿಪೇರಿಗೆ ಬರುವಷ್ಟರಲ್ಲಿ ಮಾಲೀಕರು ಓ-ರಿಂಗನ್ನು (ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಮೂರು ಸಲ ಬದಲಿಸಿದ್ದರು. ನಳಿಗೆಯಲ್ಲಿ ಗ್ಯಾಸ್ ಹೊರಬರುವ ರಂಧ್ರಗಳನ್ನು ಡ್ರಿಲ್ ಹಾಕಿ ದೊಡ್ಡದು ಮಾಡಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಸಿಕ್ಕಿತ್ತು, ಅದಕ್ಕೆ ಅವರು ಒಪ್ಪುವ ಹಂತಕ್ಕೂ ಬಂದಿದ್ದರು. ಆ ಡ್ರಿಲ್ ಓಡದೆ ಉಳಿದದ್ದೇ ಈ ಪ್ರಕರಣದ ದೊಡ್ಡ ಲಾಭ. ದೋಷ ಗ್ಯಾಸಿನಲ್ಲಿ ಇರಲೇ ಇಲ್ಲ.

ಕೊಡಗು, ಮಲೆನಾಡಿನ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಜೋಡುನಳಿಗೆ ತೋಟಾ ಕೋವಿ. ಅದನ್ನು ಮಡಚಿ ಖಾಲಿ ತೋಟಾ ಹೊರಗೆಳೆಯುವುದು ಮನುಷ್ಯನ ಕೈ. ತೋಟಾ ಸ್ವಲ್ಪ ಅಂಟಿದರೆ ಉಗುರು ಹಾಕಿ ಎಳೆದರಾಯಿತು, ಅಂಟಿದ್ದು ಗಮನಕ್ಕೂ ಬರುವುದಿಲ್ಲ. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನೆಲ್ಲ ಹೊಡೆದ ತೋಟಾದ ಶಕ್ತಿಯಿಂದಲೇ ಮಾಡಿಸಿಕೊಳ್ಳಬೇಕು. ಆ ಶಕ್ತಿ ಅಳೆದು ಕೊಟ್ಟಷ್ಟೇ ಇರುತ್ತದೆ. ದಾರಿಯಲ್ಲಿ ಎಲ್ಲೆಲ್ಲಿ ಅದು ಸೋರುತ್ತದೆ, ಎಲ್ಲೆಲ್ಲಿ ಉಜ್ಜಾಟದಲ್ಲಿ ಕರಗುತ್ತದೆ ಎಂದು ಲೆಕ್ಕ ಹಿಡಿಯುವುದೇ ಈ ಕೋವಿಗಳ ರಿಪೇರಿ.

1963ರಲ್ಲಿ ಮಾರುಕಟ್ಟೆಗೆ ಬಂದ 1100ರ ಒಳಗೆ ನಡೆಯುವುದು ಇಷ್ಟು. ಚರೆ ನಳಿಗೆಯಲ್ಲಿ ಮುಂದೆ ಸಾಗುವಾಗ ಸ್ವಲ್ಪ ಗ್ಯಾಸ್ ನಳಿಗೆಯ ತಳದ ರಂಧ್ರಗಳಿಂದ ಕೆಳಗಿಳಿದು, ತೋಟಾ ತುಂಬಿಡುವ ಮ್ಯಾಗಜಿನ್ ಟ್ಯೂಬನ್ನು ಸುತ್ತುವರಿದ ಉಂಗುರದಂಥ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿ ಪಿಸ್ಟನ್ ಸೀಲ್ ಮತ್ತು ಪಿಸ್ಟನ್ ಹಿಂದಕ್ಕೆ ಒದೆಯಲ್ಪಟ್ಟು, ಹಿಂದಿರುವ ಭಾರದ ಸ್ಲೀವನ್ನು ತಳ್ಳುತ್ತವೆ. ಸ್ಲೀವಿಗೆ ಸೇರಿದ ಆ್ಯಕ್ಷನ್ ಬಾರ್‌ಗಳು ಹಿಂದೆ ಸರಿದಾಗ ಲಾಕಿಂಗ್ ಬ್ಲಾಕ್ ಬಿಡಿಸಿಕೊಳ್ಳುತ್ತದೆ, ಚೇಂಬರಿನ ಹಿಂಬಾಯಿ ಮುಚ್ಚಿರುವ ಬೋಲ್ಟ್ ತೆರೆದುಕೊಳ್ಳುತ್ತದೆ, ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಖಾಲಿ ತೋಟಾದ ಅಂಚು ಹಿಡಿದು ಎಳೆಯುತ್ತದೆ, ಎಜೆಕ್ಟರ್ ಅದನ್ನು ಹೊರಗೆ ಎಸೆಯುತ್ತದೆ. ಇದೇ ಹೊತ್ತಿನಲ್ಲಿ ಬೋಲ್ಟಿಗೆ ಜೋಡಿಸಿದ ಎರಡು ಕಾಲಿನ ಲಿಂಕ್, ಸ್ಟಾಕಿನ (ಭುಜಕ್ಕೆ ಒರಗುವ ಹಿಂಬದಿಯ ಮರ) ಒಳಗಿನ ಟ್ಯೂಬಿನಲ್ಲಿ ಕೂತ ಆ್ಯಕ್ಷನ್ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ಮರಳಿ ಬೋಲ್ಟನ್ನು ಮುಂದೆ ದೂಡಿ ಹೊಸ ತೋಟಾ ಒಳಗೆ ಕೂರಿಸುವುದು ಆ ಸ್ಪ್ರಿಂಗ್.

ಈ ಸ್ಪ್ರಿಂಗ್ ಕಣ್ಣಿಗೆ ಬೀಳುವುದಿಲ್ಲ. ಕೋವಿ ಬಿಚ್ಚಿ ಒರೆಸುವ ಬಹುಪಾಲು ಜನ ನಳಿಗೆ, ಪಿಸ್ಟನ್, ಟ್ರಿಗರ್ ಗುಂಪು ಮುಗಿಸಿ ನಿಲ್ಲುತ್ತಾರೆ.

ಜಾಮ್ ಎಂದರೆ ಯಾವ ಜಾಮ್?

ಬಿಡಿಭಾಗ ಬದಲಿಸುವ ಮೊದಲು ಮೂರು ಬಗೆಯ ತೋಟಾಗಳನ್ನು ತಲಾ 25ರಂತೆ ಹೊಡೆದು, ಪ್ರತಿ ವಿಫಲತೆ ಯಾವ ಬಗೆಯದು ಎಂದು ಬರೆದುಕೊಳ್ಳಲಾಯಿತು. ಒಂದೊಂದು ತೋಟಾ ಮಾತ್ರ ತುಂಬಿ ಹೊಡೆಯುವ ಪರೀಕ್ಷೆಯೂ ಅದರಲ್ಲಿ ಸೇರಿತ್ತು. 1100ರಲ್ಲಿ ಮ್ಯಾಗಜಿನ್ ಖಾಲಿಯಾದಾಗ ಬೋಲ್ಟ್ ಹಿಂದೆಯೇ ನಿಲ್ಲಬೇಕು. ಒಂದೇ ತೋಟಾ ಹಾಕಿ ಹೊಡೆದಾಗ ಅದು ಹಿಂದೆ ನಿಂತರೆ ಪೂರ್ತಿ ದೂರ ಸರಿದಿದೆ ಎಂದರ್ಥ. ಖಾಲಿ ತೋಟಾ ಹೊರಬಿದ್ದೂ ಬೋಲ್ಟ್ ಮುಚ್ಚಿಕೊಂಡರೆ ಅರ್ಧ ದಾರಿಯಿಂದ ಮರಳಿದೆ. ಇಷ್ಟು ಸರಳ ಪರೀಕ್ಷೆಯನ್ನು ಬಿಟ್ಟು ನೇರ ಬಿಡಿಭಾಗದ ಅಂಗಡಿಗೆ ಹೋಗುವವರೇ ಹೆಚ್ಚು.

1⅛ ಔನ್ಸ್ (ಸುಮಾರು 32 ಗ್ರಾಂ) ಚರೆ, ಸೆಕೆಂಡಿಗೆ 1200 ಅಡಿ ವೇಗ, ಹಿತ್ತಾಳೆ ತಲೆಯ ತೋಟಾ: 25ರಲ್ಲಿ ಒಂದು ವಿಫಲ, ಅರ್ಧ ದಾರಿಯದು. 1 ಔನ್ಸ್ (28 ಗ್ರಾಂ), 1180 ಅಡಿ, ದೊಡ್ಡ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಸಿಗುವ, ಹಿತ್ತಾಳೆ ಬಣ್ಣ ಬಳಿದ ಉಕ್ಕಿನ ತಲೆಯ ತೋಟಾ: 25ರಲ್ಲಿ ಏಳು ವಿಫಲ. ಇವುಗಳಲ್ಲಿ ಐದು ಸಲ ಖಾಲಿ ತೋಟಾ ಚೇಂಬರಿನಲ್ಲೇ ಉಳಿದಿತ್ತು, ಎರಡು ಸಲ ಬೋಲ್ಟ್ ಅರ್ಧ ದಾರಿಗೆ ಮರಳಿತ್ತು. ⅞ ಔನ್ಸ್ (ಸುಮಾರು 25 ಗ್ರಾಂ), 1200 ಅಡಿಯ ಹಗುರ ತೋಟಾ: ಹನ್ನೊಂದು ವಿಫಲ, ಹೆಚ್ಚುಕಡಿಮೆ ಎಲ್ಲವೂ ಅರ್ಧ ದಾರಿಯವು.

ಮಾಲೀಕರ ಬಾಯಲ್ಲಿ ಒಂದೇ ಹೆಸರಿದ್ದ ಕಾಯಿಲೆ ಇಲ್ಲಿ ಎರಡಾಗಿ ಒಡೆಯಿತು. ಚೇಂಬರಿನಲ್ಲಿ ಉಳಿದ ಐದು ಖಾಲಿ ತೋಟಾಗಳ ಅಂಚಿನಲ್ಲಿ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಕಚ್ಚಿ ಜಾರಿದ ಹೊಳಪಿನ ಗೀರು ಸ್ಪಷ್ಟವಾಗಿತ್ತು. ಗ್ಯಾಸ್ ಸಾಲದೆ ಬೋಲ್ಟ್ ತೆರೆಯದಿದ್ದರೆ ಆ ಗೀರು ಬೀಳುವುದಿಲ್ಲ. ಬೋಲ್ಟ್ ಎಳೆದಿದೆ, ತೋಟಾ ಬಂದಿಲ್ಲ. ಅಂದರೆ ತೋಟಾವನ್ನು ಏನೋ ಹಿಡಿದುಕೊಂಡಿದೆ. ಇನ್ನೊಂದು ಬಗೆಯಲ್ಲಿ ತೋಟಾ ಸಲೀಸಾಗಿ ಬಂದಿದೆ, ಬೋಲ್ಟಿನ ಓಟವೇ ಸಾಲದಾಗಿದೆ. ಎರಡಕ್ಕೂ ಮದ್ದು ಬೇರೆ.

ಗ್ಯಾಸ್ ದಾರಿ

ಆದರೂ ಮೊದಲು ನೋಡಿದ್ದು ಗ್ಯಾಸ್ ಭಾಗವನ್ನೇ. ಅದು ಸುಲಭ, ಬೇಗ ಮುಗಿಯುತ್ತದೆ. ಕೋವಿ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಚೇಂಬರ್ ಮತ್ತು ಮ್ಯಾಗಜಿನ್ ಎರಡನ್ನೂ ನೋಡಿ, ಬೋಲ್ಟ್ ಹಿಂದೆ ನಿಲ್ಲಿಸಿ, ಮ್ಯಾಗಜಿನ್ ಕ್ಯಾಪ್ ತಿರುಗಿಸಿ ತೆಗೆದು, ಮುಂಗೈ ಹಿಡಿಯುವ ಮರವನ್ನು ಮುಂದಕ್ಕೆ ಜಾರಿಸಿ, ನಳಿಗೆ ಹೊರಗೆ.

ಇಲ್ಲಿ ಮೊದಲ ಪ್ರಶ್ನೆ: ನಳಿಗೆ ಈ ಕೋವಿಯದೇ? ಹಳೆಯ 1100ಗಳಲ್ಲಿ ನಳಿಗೆ ಅದಲುಬದಲಾಗಿರುವುದು ಸಾಮಾನ್ಯ. 2¾ ಇಂಚಿನ ನಳಿಗೆಗೆ ಎರಡು ಗ್ಯಾಸ್ ರಂಧ್ರ, 3 ಇಂಚಿನ ಮ್ಯಾಗ್ನಮ್ ನಳಿಗೆಗೆ ಒಂದೇ. ಮ್ಯಾಗ್ನಮ್ ನಳಿಗೆ ಹಾಕಿಕೊಂಡು ಕ್ಲೇ ರೇಂಜಿನ ಹಗುರ ತೋಟಾ ಹೊಡೆದರೆ ಕೋವಿ ಓಡುವುದಿಲ್ಲ, ಅದು ದೋಷವೂ ಅಲ್ಲ. ರಿಸೀವರಿನ (ಬೋಲ್ಟ್, ಟ್ರಿಗರ್ ಕೂರುವ ಲೋಹದ ಮೈ) ಸಂಖ್ಯೆ ‘ವಿ’ ಅಕ್ಷರದಲ್ಲಿ ಮುಗಿದರೆ 12 ಬೋರ್ 2¾ ಇಂಚು, ‘ಎಂ’ ಇದ್ದರೆ ಮ್ಯಾಗ್ನಮ್. ಈ ಕೋವಿಯಲ್ಲಿ ‘ವಿ’ ಇತ್ತು, ನಳಿಗೆಯಲ್ಲಿ ಎರಡು ರಂಧ್ರ ಇದ್ದವು, ಎರಡೂ ತೆರೆದಿದ್ದವು. ಮಸಿ ಕಟ್ಟಿದ್ದರೆ ರಂಧ್ರದ ಅಳತೆಗಿಂತ ಸಣ್ಣ ತಾಮ್ರದ ತಂತಿಯನ್ನು ಕೈಯಲ್ಲೇ ತೂರಿಸಿ ಬಿಡಿಸಿದರೆ ಸಾಕು. ಡ್ರಿಲ್ ಬಿಟ್ ತೂರಿಸಿ ತಿರುಗಿಸಿದರೆ ಅಂಚು ಸವೆದು ಅಳತೆ ಶಾಶ್ವತವಾಗಿ ಬದಲಾಗುತ್ತದೆ.

ಓ-ರಿಂಗಿಗೆ ಇಲ್ಲಿ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟಿನ ಕೆಲಸ. ಮೂರು ಸಲ ಬದಲಾಗಿದ್ದರೂ ಮೂರೂ ಹಾರ್ಡ್‌ವೇರ್ ಅಂಗಡಿಯ ಪ್ಲಂಬಿಂಗ್ ರಿಂಗುಗಳು, ಸಾಮಾನ್ಯ ನೈಟ್ರೈಲ್ ರಬ್ಬರಿನವು. ಅವು ಬಿಸಿಗೆ ಬೇಗ ಗಟ್ಟಿಯಾಗಿ ಸೀಳುತ್ತವೆ. ಈಗಿದ್ದ ರಿಂಗ್ ಬಗ್ಗಿಸಿದಾಗ ಹೊರಮೈಯಲ್ಲಿ ಕೂದಲೆಳೆ ಬಿರುಕು ಕಾಣಿಸಿತು, ಆದರೆ ತುಂಡಾಗಿರಲಿಲ್ಲ. ಮುಂಗೈ ಮರದ ಒಳಗೆ ಸೋರಿಕೆಯ ಮಸಿಯೂ ಇರಲಿಲ್ಲ. ಅದನ್ನು ಬದಲಿಸಿ, ವಿಟಾನ್ ರಬ್ಬರಿನ ಸರಿಯಾದ ಅಳತೆಯ ರಿಂಗ್ ಹಾಕಲಾಯಿತು. ಇನ್ನೊಂದು ರಿಂಗನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಪ್ರತಿ 1100 ಮಾಲೀಕನ ಅಭ್ಯಾಸವಾಗಬೇಕು, ಕೆಲವೇ ಡಾಲರಿನ ಖರ್ಚು.

ಜೋಡಿಸುವ ಕ್ರಮದಲ್ಲಿ ಹಲವರು ಎಡವುತ್ತಾರೆ. ಹಿಂದಿನಿಂದ ಮುಂದಕ್ಕೆ: ಆ್ಯಕ್ಷನ್ ಬಾರ್ ಸ್ಲೀವ್, ಅದರ ಮುಂದೆ ಪಿಸ್ಟನ್, ಅದರ ಮುಂದೆ ಪಿಸ್ಟನ್ ಸೀಲ್, ಎಲ್ಲಕ್ಕಿಂತ ಮುಂದೆ ಓ-ರಿಂಗ್. ಪಿಸ್ಟನ್ ಮತ್ತು ಸೀಲ್ ಬಿಡಿಬಿಡಿಯಾಗಿರುವ ಹಳೆಯ 12 ಬೋರಿನಲ್ಲಿ ಎರಡರ ಇಳಿಜಾರು ಅಂಚುಗಳು ಒಂದನ್ನೊಂದು ನೋಡುವಂತೆ ಕೂರಬೇಕು. ತಿರುವುಮುರುವಾದರೆ ಕೋವಿ ಒಂದೊಂದು ಸಲ ಓಡುತ್ತದೆ, ಒಂದೊಂದು ಸಲ ಇಲ್ಲ. ಇಂಥ ‘ಒಂದೊಂದು ಸಲ’ವೇ ಜನರ ತಲೆ ಕೆಡಿಸುವುದು. ಇಲ್ಲಿ ಜೋಡಣೆ ಸರಿಯಾಗಿತ್ತು. ಮ್ಯಾಗಜಿನ್ ಟ್ಯೂಬಿನ ಹೊರಮೈಯಲ್ಲಿ ಕಾರ್ಬನ್ ಪದರ ಇತ್ತು. ಸಾಲ್ವೆಂಟಿನಲ್ಲಿ ನೆನೆಸಿ 0000 ನಂಬರಿನ ಸ್ಟೀಲ್ ವುಲ್‌ನಿಂದ ಉಜ್ಜಿದಾಗ ಹೋಯಿತು. ಟ್ಯೂಬಿಗೆ ಎಣ್ಣೆ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಹಸಿಯಾಗಿ ಉಳಿದರೆ ಬಿಸಿ ಗ್ಯಾಸಿಗೆ ಸುಟ್ಟು ಅದೇ ಕಾರ್ಬನ್ ಆಗುತ್ತದೆ.

ಮ್ಯಾಗಜಿನ್ ಕ್ಯಾಪಿನ ಬಗ್ಗೆಯೂ ಒಂದು ಮಾತು. ಹೊಡೆಯುತ್ತ ಹೋದಂತೆ ಅದು ಸಡಿಲಾದರೆ ನಳಿಗೆ ಮುಂದೆ ಸರಿಯುತ್ತದೆ. 25 ಗುಂಡಿನ ಒಂದು ಸುತ್ತು ಮುಗಿದಾಗಲೆಲ್ಲ ಕೋವಿ ಖಾಲಿ ಮಾಡಿ ಕೈಯಲ್ಲೇ ಒಮ್ಮೆ ಬಿಗಿ ನೋಡಬೇಕು.

ಚೇಂಬರ್: ಮೊದಲ ಅಪರಾಧಿ

ನಳಿಗೆ ಕಳಚಿ ಕೈಯಲ್ಲಿರುವಾಗಲೇ ಮಾಡಬಹುದಾದ, ಉಪಕರಣವೇ ಬೇಡದ ಪರೀಕ್ಷೆ ಇದು. ಹೊಸ ತೋಟಾವನ್ನು ಚೇಂಬರಿಗೆ ಬಿಟ್ಟರೆ ತನ್ನ ಭಾರಕ್ಕೇ ಕೂರಬೇಕು, ನಳಿಗೆ ಎತ್ತಿದರೆ ತಾನೇ ಜಾರಿ ಕೈಗೆ ಬೀಳಬೇಕು. (ನಳಿಗೆ ಕೋವಿಯಿಂದ ಪೂರ್ತಿ ಬೇರೆಯಾಗಿದ್ದಾಗ ಮಾತ್ರ ಇದನ್ನು ಮಾಡಬೇಕು.) ಆಮೇಲೆ ಅದೇ ನಳಿಗೆಯಲ್ಲಿ ಹೊಡೆದ ಖಾಲಿ ತೋಟಾಗಳನ್ನು ಒಂದೊಂದಾಗಿ ಮರಳಿ ತೂರಿಸಿ ನೋಡಬೇಕು. ಹಿತ್ತಾಳೆ ತಲೆಯವು ಇಲ್ಲಿ ಬೆರಳಲ್ಲಿ ಎಳೆದರೆ ಬಂದವು. ಉಕ್ಕಿನ ತಲೆಯವು ಕೂರಲು ಹೆಬ್ಬೆರಳಿನ ಒತ್ತಡ ಬೇಕಾಯಿತು, ಹೊರಬರಲು ನಳಿಗೆಯ ಬಾಯಿಯಿಂದ ಕೋಲು ತೂರಿಸಿ ದೂಡಬೇಕಾಯಿತು.

ಕಾರಣ ಲೋಹದ ಗುಣದಲ್ಲಿದೆ. ಹೊಡೆದಾಗ ತೋಟಾದ ತಲೆ ಒತ್ತಡಕ್ಕೆ ಹಿಗ್ಗಿ ಚೇಂಬರಿನ ಗೋಡೆಗೆ ತಾಗುತ್ತದೆ. 2¾ ಇಂಚಿನ 12 ಬೋರಿಗೆ ಅಮೆರಿಕದ ತಯಾರಕರ ಮಾನದಂಡ ಒಪ್ಪುವ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 11,500 ಪೌಂಡ್. ಒತ್ತಡ ಇಳಿದ ಕೂಡಲೇ ಹಿತ್ತಾಳೆ ಚೆನ್ನಾಗಿ ಕುಗ್ಗಿ ಗೋಡೆ ಬಿಡುತ್ತದೆ. ಅಗ್ಗದ ತೋಟಾದ ತೆಳು ಉಕ್ಕು ಅಷ್ಟು ಕುಗ್ಗುವುದಿಲ್ಲ. ನುಣುಪಾದ ಚೇಂಬರಿನಲ್ಲಿ ಇದರಿಂದ ತೊಂದರೆ ಇಲ್ಲ, ಎಕ್ಸ್‌ಟ್ರ್ಯಾಕ್ಟರ್ ಎಳೆದುಹಾಕುತ್ತದೆ. ಗೋಡೆ ಒರಟಾಗಿದ್ದರೆ ಹಿಗ್ಗಿದ ಉಕ್ಕು ಆ ಒರಟನ್ನೇ ಕಚ್ಚಿ ಕೂರುತ್ತದೆ. ಇಲ್ಲಿ ಉಕ್ಕಿನ ತಲೆ ಎಂದರೆ ತೋಟಾದ ಹಿಂಬದಿಯ ಲೋಹದ ಟೊಪ್ಪಿ. ಬಾತುಕೋಳಿ ಬೇಟೆಗೆ ಬಳಸುವ ಉಕ್ಕಿನ ಚರೆಗೂ ಇದಕ್ಕೂ ಸಂಬಂಧವಿಲ್ಲ. ಅಯಸ್ಕಾಂತ ಹಿಡಿದರೆ ತಲೆ ಯಾವ ಲೋಹದ್ದು ಎಂದು ಕ್ಷಣದಲ್ಲಿ ತಿಳಿಯುತ್ತದೆ.

ಸಣ್ಣ ಟಾರ್ಚ್ ಹಾಕಿ ನೋಡಿದಾಗ ಚೇಂಬರಿನ ಹಿಂಭಾಗದಲ್ಲಿ, ತೋಟಾದ ಲೋಹದ ತಲೆ ಕೂರುವ ಜಾಗದಲ್ಲೇ, ಕಂದು ಬಣ್ಣದ ತೆಳು ಪಟ್ಟೆ ಸುತ್ತಲೂ ಇತ್ತು. ಮುಂದೆ ಚೇಂಬರ್ ಕಿರಿದಾಗುವ ಕಡೆ ಪ್ಲಾಸ್ಟಿಕ್ಕಿನ ಬೂದು ಗೆರೆ. ನಳಿಗೆಯ ಉಳಿದ ಭಾಗ ಕನ್ನಡಿಯಂತಿತ್ತು. ಇದು ತೀರಾ ಸಾಮಾನ್ಯ: ನಳಿಗೆಗೆ ಹಾಕುವ 12 ಬೋರಿನ ಬ್ರಷ್ ಚೇಂಬರಿನಲ್ಲಿ ಸಡಿಲ, ಗೋಡೆಗೆ ತಾಗುವುದೇ ಇಲ್ಲ. ನಳಿಗೆ ಎಷ್ಟು ತಿಕ್ಕಿದರೂ ಚೇಂಬರ್ ಹಾಗೇ ಉಳಿಯುತ್ತದೆ. ಅದಕ್ಕೆಂದೇ ದೊಡ್ಡ ಚೇಂಬರ್ ಬ್ರಷ್ ಬರುತ್ತದೆ. ಇಲ್ಲದಿದ್ದರೆ 10 ಬೋರಿನ ಕಂಚಿನ ಬ್ರಷ್ ನಡೆಯುತ್ತದೆ.

ಮಾಡಿದ ಕೆಲಸ: ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಚೇಂಬರ್ ಬ್ರಷ್ಷನ್ನು ತಿರುಗಿಸುತ್ತ ಹಿಂದೆಮುಂದೆ ಆಡಿಸಿ ಪ್ಲಾಸ್ಟಿಕ್ ತೆಗೆಯಲಾಯಿತು. ಆಮೇಲೆ ಸವೆದ 12 ಬೋರ್ ಬ್ರಷ್ಷಿಗೆ 0000 ಸ್ಟೀಲ್ ವುಲ್ ಸುತ್ತಿ, ಚೇಂಬರಿಗೆ ಬಿಗಿಯಾಗಿ ಕೂರುವಷ್ಟು ದಪ್ಪ ಮಾಡಿ, ಎಣ್ಣೆಯಲ್ಲಿ ಅದ್ದಿ, ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ವೇಗದಲ್ಲಿ ಒಂದೊಂದು ಸಲಕ್ಕೆ ಅರ್ಧ ನಿಮಿಷ. ಒಂದೇ ಕಡೆ ನಿಲ್ಲಿಸದೆ ಒಳಹೊರಗೆ ಆಡಿಸುತ್ತಲೇ ಇರಬೇಕು, ಚೇಂಬರ್ ಕಿರಿದಾಗುವ ಜಾಗದಿಂದ ಮುಂದೆ ಹೋಗಬಾರದು. ಪ್ರತಿ ಅರ್ಧ ನಿಮಿಷಕ್ಕೆ ಒರೆಸಿ ಟಾರ್ಚಿನಲ್ಲಿ ನೋಡುವುದು. ನಾಲ್ಕು ಸಲಕ್ಕೆ ಕಂದು ಪಟ್ಟೆ ಹೋಯಿತು, ಸೂಜಿಮೊನೆಯಂಥ ಕೆಲವು ಗುಳಿಗಳು ಉಳಿದವು. ಗುಳಿ ತೆಗೆಯಲು ಹೋದರೆ ಚೇಂಬರಿನ ಅಳತೆಯೇ ದೊಡ್ಡದಾಗುತ್ತದೆ, ಅವು ಇರಲಿ. ಗೋಡೆಯಿಂದ ಎದ್ದುನಿಂತ ತುಕ್ಕು ತೋಟಾವನ್ನು ಹಿಡಿಯುತ್ತದೆ, ಗೋಡೆಯೊಳಗಿನ ಸಣ್ಣ ಗುಳಿ ಅಷ್ಟಾಗಿ ಹಿಡಿಯುವುದಿಲ್ಲ. ಸ್ಯಾಂಡ್‌ಪೇಪರ್ ಇಲ್ಲಿ ಎಂದೂ ಬೇಡ.

ಬೋಲ್ಟ್ ಹೊರಬಂದಾಗ ಎಕ್ಸ್‌ಟ್ರ್ಯಾಕ್ಟರನ್ನೂ ನೋಡಲಾಯಿತು. ಖಾಲಿ ತೋಟಾದ ಅಂಚನ್ನು ಕೊಕ್ಕೆಯಡಿ ಸಿಕ್ಕಿಸಿ ಬೋಲ್ಟನ್ನು ಅಲುಗಾಡಿಸಿದರೆ ತೋಟಾ ಬೀಳಬಾರದು. ಬೀಳಲಿಲ್ಲ. ಕೊಕ್ಕೆಯ ಮೊನೆ ಹರಿತವಾಗಿತ್ತು, ಹಿಂದಿನ ಸಂದಿಯಲ್ಲಿ ಕಟ್ಟಿದ್ದ ಮಸಿ ಕೆರೆದದ್ದಷ್ಟೇ ಕೆಲಸ. ಹೊಸ ಎಕ್ಸ್‌ಟ್ರ್ಯಾಕ್ಟರ್ ಹಾಕಿದ್ದರೂ ಒರಟು ಚೇಂಬರಿನಲ್ಲಿ ಅದು ಹಳೆಯದರಂತೆಯೇ ಜಾರುತ್ತಿತ್ತು.

ಸ್ಟಾಕಿನ ಕಡೆ ಕೈ ಹಾಕದೆ ಮತ್ತೆ ಅದೇ ಪರೀಕ್ಷೆ. ಉಕ್ಕಿನ ತಲೆಯ 1 ಔನ್ಸ್ ತೋಟಾ: ವಿಫಲತೆ ಏಳರಿಂದ ಎರಡಕ್ಕೆ, ಎರಡೂ ಅರ್ಧ ದಾರಿಯವು. ಚೇಂಬರಿನಲ್ಲಿ ಉಳಿದದ್ದು ಒಂದೂ ಇಲ್ಲ. 1⅛ ಔನ್ಸ್‌ನಲ್ಲಿ ಮತ್ತೆ ಒಂದು. ⅞ ಔನ್ಸ್‌ನಲ್ಲಿ ಒಂಬತ್ತು. ಒಂದು ಕಾಯಿಲೆ ಹೋಯಿತು, ಇನ್ನೊಂದು ಇದ್ದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಮುಟ್ಟಿದ್ದರೆ ಯಾವ ಕೆಲಸದಿಂದ ಯಾವುದು ಸರಿಹೋಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಸ್ಟಾಕಿನೊಳಗಿನ ಟ್ಯೂಬ್

ಕೋವಿಯ ಬಾಯಿ ಮೇಲೆ ಮಾಡಿ, ಖಾಲಿ ಕೋವಿಯ ಬೋಲ್ಟನ್ನು ನಿಧಾನ ಎಳೆದಾಗ ಕೈಗೆ ಮರಳು ಸಿಕ್ಕಂತೆ ಗೊರಗೊರ ತಾಗುತ್ತಿತ್ತು. ಅರ್ಧ ಎಳೆದು ಹಿಡಿ ಸಡಿಲಿಸಿದರೆ ಬೋಲ್ಟ್ ಚಟ್ಟನೆ ಮುಚ್ಚುವ ಬದಲು ತೆವಳಿಕೊಂಡು ಮುಂದೆ ಹೋಗಿ, ಕೊನೆಯ ಅರ್ಧ ಇಂಚು ಉಳಿದಾಗ ನಿಂತಿತು. ಇಷ್ಟು ಸಾಕಿತ್ತು.

ಸ್ಟಾಕ್ ಬಿಚ್ಚುವ ಮೊದಲು ಬೋಲ್ಟ್ ಮತ್ತು ಟ್ರಿಗರ್ ಗುಂಪು ಹೊರಗೆ ಬರಬೇಕು. ನಳಿಗೆ ಇಲ್ಲದಾಗ ಬೋಲ್ಟನ್ನು ಸ್ಪ್ರಿಂಗಿನ ಜೋರಿಗೆ ಬಿಡದೆ ಹ್ಯಾಂಡಲ್ ಹಿಡಿದು ಮೆಲ್ಲಗೆ ಮುಂದೆ ತರಬೇಕು. ಹ್ಯಾಂಡಲನ್ನು ಗಟ್ಟಿಯಾಗಿ ನೇರ ಎಳೆದರೆ ಕಳಚುತ್ತದೆ. ಟ್ರಿಗರ್ ಪ್ಲೇಟಿನ ಎರಡು ಪಿನ್ನುಗಳನ್ನು ದೂಡಿ ಗುಂಪನ್ನು ಕೆಳಗೆ ಇಳಿಸಬೇಕು. ಹೊರಗಿರುವ ಟ್ರಿಗರ್ ಗುಂಪಿನ ಕುದುರೆಯನ್ನು (ಹ್ಯಾಮರ್) ಹಾಗೇ ಬಡಿಯಲು ಬಿಡಬಾರದು, ಎದುರು ತಡೆ ಇಲ್ಲದೆ ಬಡಿದರೆ ಭಾಗಗಳು ಮುರಿಯುತ್ತವೆ. ರಿಸೀವರಿನೊಳಗಿನ ಫೀಡ್ ಲ್ಯಾಚನ್ನು ಬೆರಳಲ್ಲಿ ಒತ್ತಿ ಆ್ಯಕ್ಷನ್ ಬಾರನ್ನು ಮುಂದೆ ಎಳೆದಾಗ ಬೋಲ್ಟ್ ಜೊತೆಗೇ ಬರುತ್ತದೆ, ಲಿಂಕ್ ಕಳಚಿಕೊಳ್ಳುತ್ತದೆ. ಲಿಂಕ್ ಯಾವ ದಿಕ್ಕಿಗೆ ಕೂತಿತ್ತು ಎಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ಸ್ಟಾಕಿನ ಹಿಂದಿನ ರಬ್ಬರ್ ಪ್ಯಾಡಿಗೆ ಎರಡು ಸ್ಕ್ರೂ. ಸ್ಕ್ರೂಡ್ರೈವರಿನ ಕೋಲಿಗೆ ಸ್ವಲ್ಪ ಗ್ರೀಸ್ ಹಚ್ಚಿ ತೂರಿಸಿದರೆ ರಬ್ಬರಿನ ರಂಧ್ರ ಹರಿಯುವುದಿಲ್ಲ. ಪ್ಯಾಡ್ ತೆಗೆದರೆ ಆಳದಲ್ಲಿ ಟ್ಯೂಬಿನ ತುದಿಯ ನಟ್ಟು ಕಾಣುತ್ತದೆ. ಉದ್ದನೆಯ, ಅಗಲ ಅಲಗಿನ ಸ್ಕ್ರೂಡ್ರೈವರಿನಿಂದ ಬಿಚ್ಚಬೇಕು. ಸ್ಟಾಕನ್ನು ತಿರುಚದೆ ನೇರ ಹಿಂದಕ್ಕೆ ಎಳೆಯಬೇಕು.

ಟ್ಯೂಬಿನ ಹೊರಮೈಯಲ್ಲೇ ತುಕ್ಕಿತ್ತು. ತುದಿಯ ಪ್ಲಗ್ಗನ್ನು ಹಿಡಿದಿರುವ ಅಡ್ಡ ಪಿನ್ ತೆಗೆಯುವ ಕ್ಷಣ ಎಚ್ಚರದ್ದು. ಒಳಗೆ ಸ್ಪ್ರಿಂಗ್ ಬಿಗಿದು ಕೂತಿರುತ್ತದೆ, ಪಿನ್ ಬಂದ ಕೂಡಲೇ ಪ್ಲಗ್ ಹಾರುತ್ತದೆ. ಕನ್ನಡಕ ಹಾಕಿ, ಟ್ಯೂಬಿನ ಬಾಯಿಗೆ ದಪ್ಪ ಬಟ್ಟೆ ಹಿಡಿದು, ಪಂಚಿನಿಂದ ಪ್ಲಗ್ಗನ್ನು ಒತ್ತಿಟ್ಟುಕೊಂಡೇ ಪಿನ್ ತೆಗೆಯಬೇಕು. ಇಲ್ಲಿ ಪಿನ್ ತೆಗೆದರೂ ಏನೂ ಹಾರಲಿಲ್ಲ. ಸ್ಪ್ರಿಂಗ್ ಒಳಗೇ ಕಚ್ಚಿಕೊಂಡಿತ್ತು. ಎಳೆದಾಗ ಬಂದದ್ದು ಹಳೆಯ ಎಣ್ಣೆ, ತುಕ್ಕು, ಸುಡದ ಮದ್ದಿನ ಕಣಗಳು ಕಲೆತ ಕಪ್ಪುಕಂದು ಮೆತ್ತನೆಯ ಹೂರಣ ಮೆತ್ತಿಕೊಂಡ ಸ್ಪ್ರಿಂಗ್. ಮುಂಭಾಗದ ಫಾಲೋವರನ್ನು (ಲಿಂಕ್ ಮತ್ತು ಸ್ಪ್ರಿಂಗಿನ ನಡುವಿನ ತುಂಡು) ರಿಸೀವರ್ ಕಡೆಯಿಂದ ದೂಡಿ ಹೊರತರಬೇಕಾಯಿತು. ಹೊಸ ಸ್ಪ್ರಿಂಗಿನ ಪಕ್ಕ ಇಟ್ಟಾಗ ಹಳೆಯದು ಕಣ್ಣಿಗೆ ಕಾಣುವಷ್ಟು ಗಿಡ್ಡವಾಗಿತ್ತು.

ಇಲ್ಲೊಂದು ಗೊಂದಲ ಬಿಡಿಸಬೇಕು. ಸ್ಪ್ರಿಂಗ್ ಗಿಡ್ಡವಾದರೆ, ದುರ್ಬಲವಾದರೆ, ಬೋಲ್ಟಿಗೆ ಹಿಂದೆ ಹೋಗಲು ಸುಲಭವಾಗಬೇಕಲ್ಲವೇ? ಹೌದು, ಸ್ಪ್ರಿಂಗಿನ ದೌರ್ಬಲ್ಯ ಒಂದೇ ಇದ್ದಿದ್ದರೆ ಬೋಲ್ಟ್ ಇನ್ನೂ ಜೋರಾಗಿ ಹಿಂದೆ ಬಡಿದು, ಮರಳುವಾಗ ಮಾತ್ರ ಸೋಲುತ್ತಿತ್ತು. ಆದರೆ ಟ್ಯೂಬಿನ ಗೋಡೆಗೆ ಉಜ್ಜುವ ತುಕ್ಕು ಎರಡೂ ದಿಕ್ಕಿನಲ್ಲಿ ಸುಂಕ ವಸೂಲಿ ಮಾಡುತ್ತದೆ. ಹೋಗುವಾಗ ಉಜ್ಜಾಟಕ್ಕೆ ಶಕ್ತಿ ಸೋತು ಓಟ ಅರ್ಧಕ್ಕೆ ನಿಲ್ಲುತ್ತದೆ, ಬರುವಾಗ ಸೋತ ಸ್ಪ್ರಿಂಗಿಗೆ ಅದೇ ಉಜ್ಜಾಟ ದಾಟಲಾಗದೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. 1⅛ ಔನ್ಸ್ ತೋಟಾದಲ್ಲಿ ಶಕ್ತಿ ಧಾರಾಳ, ಸುಂಕ ಕೊಟ್ಟೂ ಉಳಿಯುತ್ತಿತ್ತು. ⅞ ಔನ್ಸ್‌ನಲ್ಲಿ ಉಳಿಯುತ್ತಿರಲಿಲ್ಲ. ಭಾರದ ತೋಟಾ ಓಡುತ್ತದೆ, ಹಗುರದ್ದು ಓಡುವುದಿಲ್ಲ ಎಂದ ಮಾತ್ರಕ್ಕೆ ಗ್ಯಾಸ್ ರಂಧ್ರ ಸಣ್ಣದು ಎಂದು ತೀರ್ಮಾನಿಸುವುದು ಇಲ್ಲಿಯೇ ತಪ್ಪುತ್ತದೆ.

ನೀರು, ಎಣ್ಣೆ ಅಲ್ಲಿಗೆ ಹೋದದ್ದು ಹೇಗೆ? ನೀರು ಜೌಗಿನ ಬೇಟೆಯದು. ಎಣ್ಣೆ ಮನೆಯದು. ಬೇಟೆಯಿಂದ ಬಂದು ರಿಸೀವರಿಗೆ ಧಾರಾಳವಾಗಿ ಎಣ್ಣೆ ಸ್ಪ್ರೇ ಹೊಡೆದು, ಕೋವಿಯನ್ನು ಸ್ಟಾಕಿನ ಮೇಲೆ ನೆಟ್ಟಗೆ ಕಪಾಟಿನಲ್ಲಿ ನಿಲ್ಲಿಸಲಾಗುತ್ತಿತ್ತು. ರಾತ್ರಿಯಿಡೀ ಎಣ್ಣೆ ಹಿಂದಕ್ಕಿಳಿದು, ದಾರಿಯ ಕೊಳೆಯನ್ನೆಲ್ಲ ಜೊತೆಗೆ ಕರೆದೊಯ್ದು ಟ್ಯೂಬಿನ ತಳ ಸೇರಿದೆ. ಕಾಳಜಿಯಿಂದ ಮಾಡಿದ ಕೆಲಸವೇ ಹೀಗೆ ಮುಳುವಾಗುವುದನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಪರಿಹಾರಕ್ಕೆ ಖರ್ಚೇ ಇಲ್ಲ: ಎಣ್ಣೆ ಹನಿಯಲ್ಲಿ ಹಾಕಬೇಕು, ಹಾಕಿದ ಮೊದಲ ರಾತ್ರಿ ಕೋವಿಯನ್ನು ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಬೇಕು. ಮಳೆಗಾಲದ ಮಲೆನಾಡಿನಲ್ಲಿ ಜೋಡುನಳಿಗೆ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಸ್ಪ್ರಿಂಗ್ ಟ್ಯೂಬ್ ಇಲ್ಲ, ಆದರೆ ಇಳಿದ ಎಣ್ಣೆ ಸ್ಟಾಕಿನ ಮರದ ತಲೆಯನ್ನು ಮೆತ್ತಗೆ ಮಾಡುತ್ತದೆ.

ಟ್ಯೂಬಿನ ಒಳಗನ್ನು ಅದರ ಅಳತೆಗೆ ಕೂರುವ ಕಂಚಿನ ಬ್ರಷ್ ಮತ್ತು ಸಾಲ್ವೆಂಟಿನಿಂದ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ತಿಕ್ಕಲಾಯಿತು. ಹೊಸ ಸ್ಪ್ರಿಂಗಿಗೆ ಎಣ್ಣೆ ಸವರಿ ಒರೆಸಿ, ಹಳೆಯ ಫಾಲೋವರನ್ನೇ ನಯ ಮಾಡಿ ಹಾಕಲಾಯಿತು. ಮರುಜೋಡಣೆಯಲ್ಲಿ ಒಂದೇ ಕಠಿಣ ಕೆಲಸ: ಲಿಂಕಿನ ಕಾಲುಗಳು ಫಾಲೋವರಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಪಕ್ಕಕ್ಕೆ ಜಾರಿದ್ದಾಗ ಬೋಲ್ಟನ್ನು ಬಲವಂತವಾಗಿ ಎಳೆದರೆ ಲಿಂಕ್ ಬಾಗುತ್ತದೆ. ಟ್ರಿಗರ್ ಗುಂಪು ಹಾಕುವ ಮೊದಲೇ ಕೆಳಗಿನಿಂದ ಟಾರ್ಚ್ ಹಾಕಿ ನೋಡಿ, ಬೋಲ್ಟನ್ನು ಕೈಯಲ್ಲಿ ನಾಲ್ಕೈದು ಸಲ ಆಡಿಸಬೇಕು. ಸ್ಟಾಕಿನ ನಟ್ಟು ಬಿಗಿಯಾಗಿದ್ದರೆ ಸಾಕು. ಮೈಬಲ ಹಾಕಿ ತಿರುಗಿಸಿದರೆ ಮರ ಸೀಳುತ್ತದೆ.

ಬಿಚ್ಚಿದ್ದರಿಂದ ಉಳಿದ ಭಾಗಗಳನ್ನೂ ನೋಡಿದ್ದಾಯಿತು. ಆ್ಯಕ್ಷನ್ ಬಾರ್ ಸ್ಲೀವಿಗೆ ಸೇರುವ ಜಾಗದಲ್ಲಿ ಬಿರುಕಿಲ್ಲ. ರಿಸೀವರಿನ ಹಿಂಗೋಡೆಯಲ್ಲಿ ಬೋಲ್ಟಿನ ಬಡಿತ ತಡೆಯುವ ಬಫರ್ ಇದ್ದಲ್ಲಿ ಇದೆ, ಚೂರಾಗಿಲ್ಲ. ಮುಂಗೈ ಮರದ ಮುಂತುದಿಯಲ್ಲಿ ಬೆರಳುದ್ದದ ಸಣ್ಣ ಬಿರುಕು. ಒಳಗಿನಿಂದ ಎಪಾಕ್ಸಿ ತುಂಬಿ ಕಟ್ಟಿಡಲಾಯಿತು. ಹಳೆಯ 1100ಗಳಲ್ಲಿ ಇದು ಮಾಮೂಲು.

ಮೂರನೆಯ ಪರೀಕ್ಷೆ, ಮತ್ತು ಬಿಟ್ಟುಬಿಟ್ಟದ್ದು

1⅛ ಔನ್ಸ್: 25ಕ್ಕೆ 25. ಉಕ್ಕಿನ ತಲೆಯ 1 ಔನ್ಸ್: 25ಕ್ಕೆ 25. ⅞ ಔನ್ಸ್: ಎರಡು ಸಲ ಬೋಲ್ಟ್ ಹಿಂದೆ ನಿಲ್ಲಲಿಲ್ಲ, ಉಳಿದ 23 ಸರಿ.

ಆ ಎರಡನ್ನು ಹಾಗೇ ಬಿಡಲಾಯಿತು. ಎರಡು ರಂಧ್ರದ 12 ಬೋರ್ 1100ಕ್ಕೆ ⅞ ಔನ್ಸ್ ಅಂಚಿನ ಮೇಲಿನ ತೋಟಾ. ರಂಧ್ರ ದೊಡ್ಡದು ಮಾಡಿದ್ದರೆ ಆ ಎರಡೂ ಓಡುತ್ತಿದ್ದವು, ಆದರೆ 1⅛ ಔನ್ಸಿನ ಪ್ರತಿ ತೋಟಾವೂ ಬೇಕಾದದ್ದಕ್ಕಿಂತ ಹೆಚ್ಚು ಗ್ಯಾಸನ್ನು ಪಿಸ್ಟನ್ನಿಗೆ ಬಿಟ್ಟು, ಬೋಲ್ಟನ್ನು ಬಫರಿಗೆ ಬಡಿಯುತ್ತಿತ್ತು. ಮೊದಲು ಬಫರ್ ಪುಡಿ, ಆಮೇಲೆ ಬಾರ್‌ಗಳಲ್ಲಿ ಬಿರುಕು. ಕೊರೆದ ರಂಧ್ರವನ್ನು ಮತ್ತೆ ಸಣ್ಣದು ಮಾಡುವ ಸುಲಭ ದಾರಿ ಇಲ್ಲ, ನಳಿಗೆಯನ್ನೇ ಬದಲಿಸಬೇಕು. ನ್ಯೂಯಾರ್ಕ್ ರಾಜ್ಯದ ಇಲಿಯನ್‌ನಲ್ಲಿದ್ದ ರೆಮಿಂಗ್ಟನ್ನಿನ ಹಳೆಯ ಕಾರ್ಖಾನೆ 2024ರ ಮಾರ್ಚ್‌ನಲ್ಲಿ ಮುಚ್ಚಿದೆ. ಚೆನ್ನಾಗಿರುವ ಹಳೆಯ ನಳಿಗೆಯನ್ನು ಹಾಳು ಮಾಡಿಕೊಳ್ಳುವ ಕಾಲ ಇದಲ್ಲ.

ಭಾರದ ತೋಟಾ ಚೆನ್ನಾಗಿ ಓಡುತ್ತದೆಂದು 3 ಇಂಚಿನ ತೋಟಾಕ್ಕೆ ಕೈ ಹಾಕುವವರೂ ಇದ್ದಾರೆ. ಹೊಡೆಯದ 3 ಇಂಚಿನ ತೋಟಾ ಮಡಿಚಿದ ಬಾಯಿಯಿಂದಾಗಿ ಗಿಡ್ಡವಾಗಿದ್ದು 2¾ ಇಂಚಿನ ಚೇಂಬರಿನೊಳಗೆ ಕೂತುಬಿಡಬಹುದು. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆ ಸಿಕ್ಕಿ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆಯ ಮೇಲೆ ಕೊರೆದಿರುವ ಉದ್ದವೇ ಅಂತಿಮ. ಅಮೆರಿಕದಾದ್ಯಂತ ಜಲಪಕ್ಷಿ ಬೇಟೆಗೆ ಸೀಸದ ಚರೆ 1991ರಿಂದ ನಿಷಿದ್ಧ. ಉಕ್ಕಿನ ಚರೆ ಬಳಸಬೇಕಾದವರು ಹಳೆಯ, ಬಿಗಿಯಾದ ಫುಲ್ ಚೋಕ್ ನಳಿಗೆಯಲ್ಲಿ ಅದನ್ನು ಹೊಡೆಯಬಾರದು.

ಈ ಕೋವಿಗೆ ಬರೆದುಕೊಟ್ಟ ಆರೈಕೆ: ಪ್ರತಿ ಸಲ ಹೊಡೆದು ಬಂದ ಮೇಲೆ ಓ-ರಿಂಗ್ ಬಗ್ಗಿಸಿ ನೋಡುವುದು, ಮ್ಯಾಗಜಿನ್ ಟ್ಯೂಬ್ ಮತ್ತು ಪಿಸ್ಟನ್ ಒರೆಸುವುದು, ಚೇಂಬರ್ ಬ್ರಷ್ ಹತ್ತು ಸುತ್ತು. 250-300 ಗುಂಡಿಗೊಮ್ಮೆ ಟ್ರಿಗರ್ ಗುಂಪು ಹೊರತೆಗೆದು ತೊಳೆಯುವುದು. ವರ್ಷಕ್ಕೊಮ್ಮೆ, ಬೇಟೆಯ ಕಾಲ ಮುಗಿದ ಕೂಡಲೇ, ಸ್ಟಾಕ್ ಬಿಚ್ಚಿ ಸ್ಪ್ರಿಂಗ್ ನೋಡುವುದು. ಕೋವಿ ನೀರಿಗೆ ಬಿದ್ದರೆ ಅಥವಾ ದಿನವಿಡೀ ಮಳೆಯಲ್ಲಿ ನೆನೆದರೆ ವರ್ಷ ಕಾಯದೆ ಅದೇ ವಾರ. ಗ್ಯಾಸ್ ಇಲ್ಲದೆ ಹಿನ್ನೊದೆತದಿಂದಲೇ ಓಡುವ ಬೆನೆಲಿ ಎಂ2ನಂಥ ಕೋವಿಗೆ ಓ-ರಿಂಗಿನ ಮಾತು ಅನ್ವಯಿಸುವುದಿಲ್ಲ. ಆದರೆ ಅದರ ಸ್ಪ್ರಿಂಗೂ ಸ್ಟಾಕಿನೊಳಗಿನ ಟ್ಯೂಬಿನಲ್ಲೇ ಇದೆ, ಅದನ್ನೂ ಯಾರೂ ಬಿಚ್ಚುವುದಿಲ್ಲ.

ಉಳಿದದ್ದು ಎಣ್ಣೆ ಕುಡಿದು ಕಪ್ಪಾಗಿದ್ದ ಸ್ಟಾಕಿನ ತಲೆ. ಮರ ಇನ್ನೂ ಗಟ್ಟಿಯಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿರಲಿಲ್ಲ. ನುಣ್ಣನೆಯ ಚಾಕ್ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮರದ ಕತ್ತರಿಸಿದ ಮುಖಕ್ಕೆ ದಪ್ಪಗೆ ಮೆತ್ತಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಒಣಗಲು ಬಿಡಲಾಯಿತು. ಒಣಗಿದ ಪುಡಿ ಎಣ್ಣೆ ಹೀರಿ ಹಳದಿಯಾದಾಗ ಉದುರಿಸಿ ಮತ್ತೆ ಮೆತ್ತುವುದು, ಪುಡಿ ಬಿಳಿಯಾಗೇ ಉಳಿಯುವ ತನಕ. ಆಮೇಲೆ ಆ ಮುಖಕ್ಕೆ ತೆಳುವಾಗಿ ಎರಡು ಕೋಟ್ ವಾರ್ನಿಷ್ ಬಳಿದು, ಪೂರ್ತಿ ಒಣಗಿದ ಮೇಲೆ ಸ್ಟಾಕ್ ಏರಿಸಲಾಯಿತು.